ಮೂರಡಿ ಅಗಲ, ನಾಲ್ಕಡಿ ಎತ್ತರ: ನೆರಳಿನ ಪೋಸ್ಟರ್ ಕಟ್ಟಿದ ದಾಖಲೆ

ಸಮ್ಮೇಳನದ ಸುತ್ತೋಲೆ ಕೇಳಿದ್ದು ಎರಡು: 250 ಪದ ಮೀರದ ಸಾರಾಂಶ, 3 ಅಡಿ ಅಗಲ 4 ಅಡಿ ಎತ್ತರದ ಪೋಸ್ಟರ್. ಕನ್ನಡದಲ್ಲೂ ಬರೆಯಬಹುದು ಅಂತ ಕೊನೆಯಲ್ಲೊಂದು ಸಾಲು ಇತ್ತು, ನಮಗೆ ಅಷ್ಟು ಸಾಕಾಯಿತು. ಕಲಬುರಗಿಯ ನಮ್ಮ ಪದವಿ ಕಾಲೇಜಿನ ಬಿ.ಎಸ್ಸಿ. ಮಕ್ಕಳು ಬೆಂಗಳೂರಿನ ಇನ್ನೊಂದು ಕಾಲೇಜಿನವರ ಜತೆ ಸೇರಿ, ನೆರಳು ಅಳೆದು ಭೂಮಿಯ ಸುತ್ತಳತೆ ತೆಗೆದಿದ್ದರು. ಅಳತೆ ಮುಗಿದಿತ್ತು, ಲೆಕ್ಕವೂ ಮುಗಿದಿತ್ತು. ಅದನ್ನು ಕಾಗದಕ್ಕೆ, ಅಲ್ಲಿಂದ ಗೋಡೆಗೆ ಏರಿಸುವ ಕೆಲಸ ಬಾಕಿ ಇತ್ತು. ಮಕ್ಕಳು ಇದನ್ನು ಒಂದು ಸಂಜೆಯ ಕೆಲಸ ಅಂದುಕೊಂಡಿದ್ದರು.

ಪ್ರಯೋಗ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ. ವರ್ಷದಲ್ಲಿ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಅಲ್ಲಿ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಪತ್ರಿಕೆಗಳಲ್ಲಿ ಶೂನ್ಯ ನೆರಳಿನ ದಿನ ಅಂತ ಓದಿರುತ್ತೀರಿ. ಅದೇ ದಿನ 17.33 ಡಿಗ್ರಿ ಅಕ್ಷಾಂಶದ ಕಲಬುರಗಿಯಲ್ಲಿ ಸೂರ್ಯ ನೆತ್ತಿಗಿಂತ ತುಸು ದಕ್ಷಿಣಕ್ಕೆ ಇರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಆ ನೆರಳಿನಿಂದ ಕೋನ ಸಿಗುತ್ತದೆ. ಎರಡು ಊರುಗಳ ಉತ್ತರ-ದಕ್ಷಿಣ ದೂರ ಗೊತ್ತಿದ್ದರೆ, ಅಷ್ಟು ಕೋನಕ್ಕೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು ಎಂಬ ತ್ರೈರಾಶಿ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಗ್ರೀಕ್ ಪಂಡಿತ ಎರಟೋಸ್ಥೆನೀಸ್ ಈಜಿಪ್ಟಿನಲ್ಲಿ ಸಯೀನ್ ಮತ್ತು ಅಲೆಕ್ಸಾಂಡ್ರಿಯಾ ಊರುಗಳನ್ನಿಟ್ಟುಕೊಂಡು ಮಾಡಿದ್ದು ಇದನ್ನೇ. ಅವನಿಗೆ ಸಿಕ್ಕ ಕೋನ 7.2 ಡಿಗ್ರಿ, ಅಂದರೆ ವೃತ್ತದ ಐವತ್ತನೇ ಒಂದು ಪಾಲು.

ನಮ್ಮವರು ಕೋಲು ನೆಡಲಿಲ್ಲ. ಒಂದು ಮೀಟರ್ ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ಅದರ ತುದಿ 17 ಮಿ.ಮೀ. ಸರಿಯುತ್ತದೆ, ಅಳೆಯಬೇಕಾದ ನೆರಳೇ ಏಳೂವರೆ ಸೆಂ.ಮೀ. ಇರುವಾಗ ಅದು ಗಿಟ್ಟದ ವ್ಯವಹಾರ. ಲ್ಯಾಬಿನ ಸ್ಟ್ಯಾಂಡಿನ ಕ್ಲ್ಯಾಂಪಿಗೆ ನಾಣ್ಯದಗಲದ ಲೋಹದ ಬಿಲ್ಲೆ ಸಿಕ್ಕಿಸಿ, ನೆಲದಿಂದ ಸರಿಯಾಗಿ 1 ಮೀ. ಎತ್ತರಕ್ಕೆ ನಿಲ್ಲಿಸಿ, ಬಿಲ್ಲೆಯ ನಡುವಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟರು. ಗುಂಡಿನ ಮೊನೆ ಕಾಗದವನ್ನು ಮುಟ್ಟುವ ಜಾಗವೇ ಬುಡ. ನಂತರ ಎರಡು ನಿಮಿಷಕ್ಕೊಮ್ಮೆ ಬಿಲ್ಲೆಯ ನೆರಳಿನ ನಡುವೆ ಪೆನ್ಸಿಲಿನ ಚುಕ್ಕೆ. ಚುಕ್ಕೆಗಳೆಲ್ಲ ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ. ಬುಡದಿಂದ ಆ ಗೆರೆಗೆ ಇರುವ ಲಂಬ ದೂರವೇ ಅತಿ ಚಿಕ್ಕ ನೆರಳು. ಗಡಿಯಾರ ಅರ್ಧ ನಿಮಿಷ ಹಿಂದೆ ಮುಂದೆ ಇದ್ದರೂ ಚಿಂತೆಯಿಲ್ಲ.

ಈ ಚುಕ್ಕೆಗಳ ಕಾಗದವನ್ನು ನೆನಪಿಟ್ಟುಕೊಳ್ಳಿ. ಪೋಸ್ಟರ್ ಕೊನೆಗೆ ನಿಂತದ್ದು ಅದರ ಮೇಲೆ.

ಸಾರಾಂಶ

ಮಕ್ಕಳ ಮೊದಲ ಕರಡು ಹೀಗೆ ಶುರುವಾಗುತ್ತಿತ್ತು: "ಭೂಮಿಯು ಸೌರವ್ಯೂಹದ ಮೂರನೇ ಗ್ರಹವಾಗಿದ್ದು, ಜೀವಿಗಳಿರುವ ಏಕೈಕ ಗ್ರಹವಾಗಿದೆ." ಆಮೇಲೆ ಎರಟೋಸ್ಥೆನೀಸನ ಜೀವನ ಚರಿತ್ರೆ, ಆರ್ಯಭಟನಿಗೆ ನಮಸ್ಕಾರ, ವಿಜ್ಞಾನದ ಮಹತ್ವ. ಅರ್ಧ ಪುಟ ಕಳೆದ ಮೇಲೆ ತಾವು ಮಾಡಿದ ಕೆಲಸ ಒಂದು ಸಾಲಿನಲ್ಲಿ. ಕೊನೆಗೆ, "ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು." ಸಾರಾಂಶದಲ್ಲಿ ಇರಲೇಬಾರದ ಸಾಲು ಯಾವುದಾದರೂ ಇದ್ದರೆ ಅದು ಇದೇ. ಓದುವವರು ಫಲಿತಾಂಶಕ್ಕಾಗಿಯೇ ಓದುತ್ತಾರೆ. ಅದನ್ನು ಬಚ್ಚಿಟ್ಟು ಉಳಿದದ್ದನ್ನು ಕೊಟ್ಟರೆ ಏನು ಬಂತು?

ಹಾಗಾಗಿ ತಿದ್ದುವ ಕೆಲಸ ಮೇಲಿನಿಂದಲ್ಲ, ಕೆಳಗಿನಿಂದ ಶುರು ಮಾಡಿದೆವು. ಕೊನೆಯ ಸಂಖ್ಯೆಯನ್ನು ಮೊದಲು ಬರೆ, ಅದು ಎಲ್ಲಿಂದ ಬಂತು ಅಂತ ಹಿಂದಿನ ಸಾಲು ಬರೆ, ಅದಕ್ಕೂ ಹಿಂದೆ ಏನು ಅಳೆದೆವು ಅಂತ ಬರೆ. ಹೀಗೆ ಹಿಂದಕ್ಕೆ ಹೋದಾಗ ಎಲ್ಲಿ ನಿಲ್ಲಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ: ಪ್ರಶ್ನೆ ಬಂದಾಗ. ಸೌರವ್ಯೂಹದವರೆಗೆ ಹೋಗಬೇಕಾಗಿಲ್ಲ.

ಕಷ್ಟ ಬಂದದ್ದು ಆ ಕೊನೆಯ ಸಂಖ್ಯೆಯಲ್ಲೇ. ಕರಡಿನಲ್ಲಿದ್ದದ್ದು: "ಭೂಮಿಯ ಸುತ್ತಳತೆ 39,665.2 ಕಿ.ಮೀ. ಎಂದು ಕಂಡುಬಂದಿದ್ದು, ನಿಖರತೆ ಶೇ. 99.14 ಆಗಿದೆ." ಲೆಕ್ಕದಲ್ಲಿ ತಪ್ಪಿಲ್ಲ. ನೆರಳು 76.5 ಮಿ.ಮೀ., ಕೋನ 4.37 ಡಿಗ್ರಿ, ದೂರ 482 ಕಿ.ಮೀ.; ಕ್ಯಾಲ್ಕುಲೇಟರ್ ಕೊಡುವುದು ಅದನ್ನೇ. ಧ್ರುವಗಳ ಮೂಲಕ ಹಾಯುವ ಸುತ್ತಳತೆ 40,008 ಕಿ.ಮೀ., ಅದರ ಜತೆ ತಾಳೆ ನೋಡಿದರೆ ವ್ಯತ್ಯಾಸ ಶೇ. 1ಕ್ಕೂ ಕಡಿಮೆ. ಮಕ್ಕಳಿಗೆ ಇದಕ್ಕಿಂತ ಸಂತೋಷ ಬೇಕೆ? ಪೋಸ್ಟರಿನ ತಲೆಯ ಮೇಲೆ "99.14%" ಅಂತ ಕೆಂಪಕ್ಷರದಲ್ಲಿ ಬರೆಯಬೇಕೆಂದು ತೀರ್ಮಾನವೂ ಆಗಿತ್ತು.

ನಾನು ಕೇಳಿದ್ದು ಒಂದೇ. ನೆರಳಿನ ಚುಕ್ಕೆ ಎಷ್ಟು ಸರಿಯಾಗಿ ಇಟ್ಟಿರಿ? ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಒಂದು ಮೀಟರ್ ಎತ್ತರದಿಂದ ಬೀಳುವ ನೆರಳಿನ ಅಂಚು 9 ಮಿ.ಮೀ. ಅಗಲಕ್ಕೆ ಮಸುಕಾಗಿರುತ್ತದೆ. ನಡುಬಿಂದು ಹಿಡಿದು, ಹಲವು ಚುಕ್ಕೆಗಳಿಗೆ ಹೊಂದುವ ಗೆರೆ ಎಳೆದರೂ 2 ಮಿ.ಮೀ. ಆಚೀಚೆ ಇದ್ದೇ ಇರುತ್ತದೆ. ಬೆಂಗಳೂರಿನಲ್ಲೂ ಅಷ್ಟೇ, 2 ಮಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 2.8. ಇದು 76.5ರಲ್ಲಿ ಶೇ. 3.7. ಅಂದರೆ ಸುತ್ತಳತೆಯಲ್ಲಿ ಸುಮಾರು 1,500 ಕಿ.ಮೀ.

"ಹಂಗಾದ್ರ 99 ಅನ್ನೋದು ಸುಳ್ಳೇನ್ರಿ ಮೇಡಂ?" ಅಂದ ಒಬ್ಬ ಹುಡುಗ.

ಸುಳ್ಳಲ್ಲ, ಅದೃಷ್ಟ. ಇನ್ನೊಂದು ಏಪ್ರಿಲಿನಲ್ಲಿ ಇದೇ ಕೈಗಳು ಅಳೆದರೆ 41,000 ಬರಬಹುದು, 38,500 ಬರಬಹುದು. ಅದೂ ಅಲ್ಲದೆ ಭೂಮಿ ಪೂರ್ತಿ ಗುಂಡಗಿಲ್ಲ. ಧ್ರುವಗಳ ಕಡೆ ಚಪ್ಪಟೆ, ಹಾಗಾಗಿ ಒಂದು ಡಿಗ್ರಿ ಅಕ್ಷಾಂಶದ ದೂರ ಎಲ್ಲ ಕಡೆ ಒಂದೇ ಇರುವುದಿಲ್ಲ. ನಮ್ಮ 15 ಡಿಗ್ರಿ ಆಸುಪಾಸಿನಲ್ಲಿ ಅದು 110.65 ಕಿ.ಮೀ. ಇದನ್ನು 360ರಿಂದ ಗುಣಿಸಿದರೆ 39,834. ಎಳ್ಳಷ್ಟೂ ತಪ್ಪಿಲ್ಲದೆ ಅಳೆದಿದ್ದರೂ ನಮಗೆ 40,008 ಬರುತ್ತಿರಲಿಲ್ಲ! ಈ ಮಾತು ಕೇಳಿದ ಮೇಲೆ ದಶಮಾಂಶದ ಮೇಲಿನ ಮೋಹ ತಾನಾಗಿ ಇಳಿಯಿತು. 39,700 ± 1,500 ಕಿ.ಮೀ. ಅಂತ ಬರೆದೆವು. ಸಂಖ್ಯೆ ಚಿಕ್ಕದಾಯಿತು, ಪೋಸ್ಟರಿನಲ್ಲಿ ಜಾಗವೂ ಉಳಿಯಿತು.

ಕಳಿಸಿದ ಸಾರಾಂಶದ ನಡುಭಾಗ ಇದು:

"ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ಮಧ್ಯಾಹ್ನದ ನೆರಳು ಇಲ್ಲವಾದಾಗ ಕಲಬುರಗಿಯಲ್ಲಿ ಎಷ್ಟು ನೆರಳು ಬೀಳುತ್ತದೆಂದು ಅಳೆದು, ಅದರಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದೆವು. ನೆಲದಿಂದ 1 ಮೀ. ಎತ್ತರದಲ್ಲಿ ನಿಲ್ಲಿಸಿದ ಬಿಲ್ಲೆಯ ನೆರಳಿನ ನಡುಬಿಂದುವನ್ನು ಎರಡೂ ಊರುಗಳಲ್ಲಿ ಎರಡು ನಿಮಿಷಕ್ಕೊಮ್ಮೆ ಗುರುತಿಸಿದೆವು. ಅತಿ ಚಿಕ್ಕ ನೆರಳು ಬೆಂಗಳೂರಿನಲ್ಲಿ 0 ± 2 ಮಿ.ಮೀ., ಕಲಬುರಗಿಯಲ್ಲಿ 76.5 ± 2 ಮಿ.ಮೀ.; ಕೋನ 4.37 ± 0.16 ಡಿಗ್ರಿ. ಎರಡು ಊರುಗಳ ಅಕ್ಷಾಂಶಗಳ ನಡುವಿನ ದೂರ 482 ಕಿ.ಮೀ. ಎಂದಿಟ್ಟುಕೊಂಡರೆ ಸುತ್ತಳತೆ 39,700 ± 1,500 ಕಿ.ಮೀ. ಈ ದೂರವನ್ನು ನಕ್ಷೆಯಿಂದ ತೆಗೆದುಕೊಂಡಿದ್ದೇವೆ, ನಾವು ಅಳೆದದ್ದಲ್ಲ."

ಆ ಕಡೆಯ ವಾಕ್ಯ ಹಾಕಲು ಮಕ್ಕಳು ಒಪ್ಪಲಿಲ್ಲ. ನಮ್ಮ ಕಾಲಿಗೆ ನಾವೇ ಕಲ್ಲು ಹಾಕಿಕೊಂಡ ಹಾಗೆ ಅಂದರು. ಆದರೆ ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. ನಕ್ಷೆ ಮಾಡಿದವರಿಗೆ ಭೂಮಿಯ ಗಾತ್ರ ಮೊದಲೇ ಗೊತ್ತಿರುತ್ತದೆ. ಆ ನಕ್ಷೆಯಿಂದ ದೂರ ತೆಗೆದು ಭೂಮಿಯ ಗಾತ್ರ ಕಂಡುಹಿಡಿದೆ ಎಂದರೆ ಸುತ್ತಿಬಳಸಿ ಬಂದಲ್ಲಿಗೇ ಬಂದಂತೆ. ನೆಲದ ಮೇಲೆ ದೂರ ಅಳೆಯುವುದು ಎಂಥ ಕೆಲಸ ಅನ್ನುವುದಕ್ಕೆ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್‌ನ ಉದಾಹರಣೆ ಕೊಟ್ಟೆ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಉಕ್ಕಿನ ಸರಪಳಿ ಹಿಡಿದು ಆಧಾರರೇಖೆ ಅಳೆಯಲು ಶುರು ಮಾಡಿದವನು, ತ್ರಿಕೋನದ ಪಕ್ಕ ತ್ರಿಕೋನ ಜೋಡಿಸುತ್ತ ದಖ್ಖನ್ನಿನ ಉದ್ದಕ್ಕೂ ಬಂದ. ಕಾಲೇಜು ರಜೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕಿಂತ ಒಂದು ವಾಕ್ಯ ಬರೆಯುವುದು ಸುಲಭ.

ಸಾರಾಂಶ ಸಲ್ಲಿಸುವ ಪುಟದಲ್ಲಿ ಇನ್ನೊಂದು ಗಂಟು ಎದುರಾಯಿತು. ಸುತ್ತೋಲೆ ಹೇಳಿದ್ದು 250 ಪದ; ಪುಟ ಎಣಿಸುತ್ತಿದ್ದದ್ದು ಅಕ್ಷರ, 2,000 ಮೀರಿದರೆ ಕೆಂಪು. ನಮ್ಮದು 200 ಪದದ ಆಸುಪಾಸಿನಲ್ಲೇ ಇತ್ತು, ಆದರೂ ಕೆಂಪು. ಕಾರಣ ಸರಳ. ಕಂಪ್ಯೂಟರಿಗೆ ಕನ್ನಡದ ಗುಣಿತಾಕ್ಷರ ಒಂದು ಅಕ್ಷರ ಅಲ್ಲ. "ಬೆಂಗಳೂರು" ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರುಗಳು ಎಲ್ಲ ಲಿಪಿಗಳಿಗೂ ಬಳಸುವ ಯೂನಿಕೋಡ್ ಸಂಕೇತದ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಸೊನ್ನೆ ಎಲ್ಲ ಬೇರೆ ಬೇರೆಯಾಗಿ ಎಂಟು. "ಕ್ಷ" ಒಂದಕ್ಕೇ ಮೂರು. ಇನ್ನು ಪುಟವೇನಾದರೂ ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಉಳಿಸುವ ರೀತಿ) ಬೈಟುಗಳನ್ನು ಎಣಿಸಿದರೆ ಪ್ರತಿಯೊಂದಕ್ಕೂ ಮೂರು ಬೈಟಿನಂತೆ ಬೆಂಗಳೂರಿಗೆ 24. ಸಮ್ಮೇಳನದವರಿಗೆ ಪತ್ರ ಬರೆದೆವು, ಮಿತಿ ಸಡಿಲಿಸಿದರು. ಕನ್ನಡದಲ್ಲಿ ಸಲ್ಲಿಸುವವರು ಕಡೆಯ ದಿನದ ರಾತ್ರಿವರೆಗೆ ಕಾಯಬೇಡಿ ಎನ್ನುವುದಕ್ಕೆ ಇಷ್ಟು ಸಾಕು. ಪದದ ಲೆಕ್ಕ ಬಂದರೆ ಮಾತ್ರ ನಮಗೇ ಲಾಭ: ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 250 ಪದದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಹೇಳಬಹುದು.

ಗೋಡೆಯ ಮೇಲೆ ದಿನಪತ್ರಿಕೆ

ಪೋಸ್ಟರನ್ನು ಕಂಪ್ಯೂಟರಿನಲ್ಲಿ ಶುರು ಮಾಡಲೇಬಾರದು ಎಂದು ನನ್ನ ಹಟ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 3 ಅಡಿ × 4 ಅಡಿಗೆ ಕತ್ತರಿಸಿ, ತರಗತಿಯ ಗೋಡೆಗೆ ಟೇಪಿನಿಂದ ಹಚ್ಚಿದೆವು. ಮಾರ್ಕರಿನಿಂದ ಶೀರ್ಷಿಕೆ ಬರೆದು ಐದಡಿ ಹಿಂದೆ ನಿಂತು ಓದಿಸಿದೆ. ಸಮ್ಮೇಳನದಲ್ಲಿ ಜನ ಚಹಾ ಲೋಟ ಹಿಡಿದು ನಡೆಯುತ್ತಲೇ ನೋಡುವುದು ಅಷ್ಟೇ ದೂರದಿಂದ. "ಶೂನ್ಯ ನೆರಳಿನ ದಿನದಂದು ಎರಡು ವಿಭಿನ್ನ ಅಕ್ಷಾಂಶಗಳಲ್ಲಿ ನೆರಳಿನ ಮಾಪನದ ಮೂಲಕ ಭೂ ಪರಿಧಿಯ ನಿರ್ಣಯ: ಒಂದು ಅಧ್ಯಯನ" ಎಂಬ ಶೀರ್ಷಿಕೆ ಪತ್ರಿಕೆಯ ಮೂರು ಸಾಲು ನುಂಗಿತು. "ಒಂದು ಅಧ್ಯಯನ" ಮೊದಲು ಹೋಯಿತು. ಆಮೇಲೆ ಉಳಿದದ್ದೂ ಹೋಗಿ ಇಷ್ಟು ನಿಂತಿತು: "76 ಮಿಲಿಮೀಟರ್ ನೆರಳಿನಿಂದ ಭೂಮಿಯ ಸುತ್ತಳತೆ".

2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಮನೋವಿಜ್ಞಾನ ಸಂಶೋಧನಾ ವಿದ್ಯಾರ್ಥಿ, ಪೋಸ್ಟರುಗಳು ಗೋಡೆಗೆ ಅಂಟಿಸಿದ ಪ್ರಬಂಧಗಳಾಗಿಬಿಟ್ಟಿವೆ ಎಂದು ಬೇಸತ್ತು ಒಂದು ವಿಡಿಯೊ ಮಾಡಿದ. ನಡುವೆ ಮುಖ್ಯ ಫಲಿತಾಂಶವನ್ನು ದೊಡ್ಡಕ್ಷರದಲ್ಲಿ ಒಂದೇ ವಾಕ್ಯವಾಗಿ ಬರೆ, ವಿವರ ಪಕ್ಕದ ಪಟ್ಟಿಯಲ್ಲಿರಲಿ, ಪೂರ್ತಿ ಬೇಕಾದವರಿಗೆ ಕ್ಯೂಆರ್ ಕೋಡ್ ಕೊಡು ಎನ್ನುವುದು ಅವನ ಸಲಹೆ. ಮಾದರಿ ಬಹಳ ಕಡೆ ಹರಡಿತು. ನನಗೆ ಅದು ಅರ್ಧ ಇಷ್ಟ. ದೊಡ್ಡ ವಾಕ್ಯ ಸರಿ; ಆದರೆ ನಡುವಿನ ಜಾಗವನ್ನೆಲ್ಲ ಬಣ್ಣ ಬಳಿದು ಬಿಟ್ಟುಕೊಟ್ಟರೆ ಹತ್ತಿರ ಬಂದವನಿಗೆ ನೋಡಲು ಏನೂ ಉಳಿಯುವುದಿಲ್ಲ. ನಿಂತವನನ್ನು ಹಿಡಿದಿಡಲು ಒಂದು ವಸ್ತು ಬೇಕು.

ಆ ವಸ್ತು ನಮ್ಮ ಹತ್ತಿರವೇ ಇತ್ತು, ಚುಕ್ಕೆಗಳ ಕಾಗದ. ಅದನ್ನು ಗ್ರಾಫ್ ಮಾಡಿ ಅಂದವಾಗಿ ಹಾಕುವುದೆಂದಿತ್ತು; ನೆರಳಿನ ಉದ್ದ ಹನ್ನೆರಡು ಗಂಟೆಗೆ 117 ಮಿ.ಮೀ. ಇದ್ದದ್ದು, 12.21ರ ಹೊತ್ತಿಗೆ ಇಳಿದು ಮತ್ತೆ ಏರುವ ವಕ್ರರೇಖೆ. ಪಠ್ಯಪುಸ್ತಕದ ಚಿತ್ರದಂತೆ ಚೆನ್ನಾಗಿಯೂ ಬಂದಿತ್ತು. ಆದರೆ ಮೂಲ ಕಾಗದ ನೋಡಿದಾಗ ಹೊಳೆಯಿತು: ನಲವತ್ತು ನಿಮಿಷದ ಚುಕ್ಕೆಗಳು ಹರಡಿರುವುದು ಸುಮಾರು ಹದಿನೇಳು ಸೆಂ.ಮೀ. ಉದ್ದಕ್ಕೆ ಮಾತ್ರ. ಪೋಸ್ಟರಿನ ಅಗಲ 91 ಸೆಂ.ಮೀ. ಹಾಗಿದ್ದ ಮೇಲೆ ದೊಡ್ಡದು ಚಿಕ್ಕದು ಮಾಡುವ ಗೊಡವೆ ಏಕೆ? ಸ್ಕ್ಯಾನ್ ಮಾಡಿ ಇದ್ದ ಅಳತೆಯಲ್ಲೇ ಅಚ್ಚು ಹಾಕೋಣ. ಪಕ್ಕದಲ್ಲಿ ದಾರ ಕಟ್ಟಿ 15 ಸೆಂ.ಮೀ. ಸ್ಕೇಲ್ ತೂಗುಬಿಡೋಣ. ಬಂದವರು ತಾವೇ ಅಳೆಯಲಿ, ತ್ರೈರಾಶಿ ತಾವೇ ಮಾಡಲಿ.

ಇದಾದ ಮೇಲೆ ಉಳಿದ ವಿನ್ಯಾಸ ತಾನಾಗಿ ಕೂತಿತು. ಚುಕ್ಕೆಗಳ ಚಿತ್ರ ನಿಂತವರ ಎದೆಯ ಎತ್ತರಕ್ಕೆ ಬರಬೇಕು, ಕೈ ಎಟುಕುವಂತೆ. ಅದರ ಮೇಲೆ ದೊಡ್ಡ ಸಂಖ್ಯೆ. ಎಡಕ್ಕೆ ಸೂರ್ಯಕಿರಣ, ಎರಡು ಊರು, ಕೋನದ ರೇಖಾಚಿತ್ರ. ಬಲಕ್ಕೆ ತಪ್ಪಿನ ಲೆಕ್ಕ ಮತ್ತು ಮಿತಿಗಳು. ಎರಟೋಸ್ಥೆನೀಸನಿಗೆ ಕೆಳಗೆ ಎರಡು ಸಾಲು. ಪೀಠಿಕೆ ಇಲ್ಲ, ಉಪಸಂಹಾರವೂ ಇಲ್ಲ. ಪ್ರಾಂಶುಪಾಲರ ಭಾವಚಿತ್ರ ಹಾಕಬೇಕೇ ಎಂದು ಒಬ್ಬಳು ಕೇಳಿದಳು. ಅವರ ಹೆಸರು ಕೃತಜ್ಞತೆಯಲ್ಲಿ ಸಾಕು ಅಂದೆ.

ಇಂಕ್‌ಸ್ಕೇಪಿನಲ್ಲಿ

ಕಡತ ಮಾಡಿದ್ದು ಇಂಕ್‌ಸ್ಕೇಪಿನಲ್ಲಿ. ಚಿತ್ರ ಬಿಡಿಸುವ ತಂತ್ರಾಂಶ ಅದು; ಪುಕ್ಕಟೆ, ಕನ್ನಡದ ಒತ್ತಕ್ಷರ ಒಡೆಯುವುದಿಲ್ಲ, ಅಳತೆ ಮಿ.ಮೀ.ನಲ್ಲೇ ಕೊಡಬಹುದು. ಪುಟ 914 × 1219. ಪವರ್‌ಪಾಯಿಂಟಿನಲ್ಲೂ ಆಗುತ್ತದೆ, ಅದು 56 ಇಂಚಿನವರೆಗೆ ಬಿಡುತ್ತದೆ. ಆದರೆ ಸ್ಕ್ಯಾನನ್ನು ನಿಜ ಅಳತೆಗೆ ಕೂರಿಸುವ ಕೆಲಸಕ್ಕೆ ಇಂಕ್‌ಸ್ಕೇಪೇ ಸುಖ.

ಅಕ್ಷರದ ಗಾತ್ರದ ಬಗ್ಗೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷಿಗೆ ಹೊಂದುವಂಥವು. ವಿವರಕ್ಕೆ 24 ಪಾಯಿಂಟ್ ಸಾಕು ಎನ್ನುತ್ತಾರೆ. ಕನ್ನಡಕ್ಕೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು, ನಡುವೆ ಅಕ್ಷರ, ಇಷ್ಟೂ ಅದೇ ಎತ್ತರದಲ್ಲಿ ಹಿಡಿಸಬೇಕು. ಅಕ್ಷರದ ಮೈ ಚಿಕ್ಕದಾಗುತ್ತದೆ. ನಾವು ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನಲ್ಲಿ 36 ಪಾಯಿಂಟ್ ಇಟ್ಟು, ಸಾಲಿನ ಅಂತರ ಒಂದೂವರೆ ಪಟ್ಟು ಮಾಡಿದೆವು. ಶೀರ್ಷಿಕೆ ಬಾಲೂ ತಮ್ಮ ಎಂಬ ಫಾಂಟಿನಲ್ಲಿ, ದೂರಕ್ಕೆ ದುಂಡಗೆ ಎದ್ದು ಕಾಣುತ್ತದೆ. ಪರೀಕ್ಷೆಗೆ ಸುಲಭದ ದಾರಿ ಎಂದರೆ ಇಡೀ ಪೋಸ್ಟರನ್ನು ಒಂದು ಎ4 ಹಾಳೆಗೆ ಅಚ್ಚು ಹಾಕುವುದು. ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಕುಗ್ಗುತ್ತದೆ, 36 ಪಾಯಿಂಟ್ 8 ಆಗುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಓದಲು ಬಂದರೆ ಗೋಡೆಯ ಮೇಲಿನದೂ ಓದಲು ಬರುತ್ತದೆ.

ಬಣ್ಣದಲ್ಲಿ ಮಕ್ಕಳ ಆಯ್ಕೆ ಬೆಂಗಳೂರಿಗೆ ಹಸಿರು, ಕಲಬುರಗಿಗೆ ಕೆಂಪು. ಬಿಸಿಲಿಗೆ ಕೆಂಪು ಒಪ್ಪುತ್ತದೆ, ನಿಜ. ಆದರೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಕಣ್ಣುಗಳಿಗೆ ಎರಡೂ ಒಂದೇ ಕಂದು. ಮಸತಾಕಾ ಒಕಾಬೆ, ಕೇ ಇತೋ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಎಲ್ಲ ಕಣ್ಣಿಗೂ ಬೇರೆಯಾಗಿ ಕಾಣುವ ಬಣ್ಣಗಳ ಒಂದು ಸಣ್ಣ ಪಟ್ಟಿ ಕೊಟ್ಟಿದ್ದಾರೆ. ಅದರಿಂದ ನೀಲಿ (ಆರ್‌ಜಿಬಿಯಲ್ಲಿ 0, 114, 178) ಮತ್ತು ಕಿತ್ತಳೆಗೆಂಪು (213, 94, 0) ತೆಗೆದುಕೊಂಡೆವು. ಜತೆಗೆ ಒಂದೂರಿಗೆ ಚುಕ್ಕೆ, ಇನ್ನೊಂದೂರಿಗೆ ಚೌಕ.

ಚಿತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಬೆಂಗಳೂರಿನವರು ಕಳಿಸಿದ ಫೋಟೊ ವಾಟ್ಸಾಪಿನಲ್ಲಿ ಬಂದಿತ್ತು, ಕುಗ್ಗಿ 1,600 ಪಿಕ್ಸೆಲ್ ಆಗಿತ್ತು. 30 ಸೆಂ.ಮೀ. ಅಗಲಕ್ಕೆ ಹಾಕಿದರೆ ಇಂಚಿಗೆ 135 ಚುಕ್ಕೆ, ನಡೆಯುತ್ತದೆ, 60 ಸೆಂ.ಮೀ.ಗೆ ಎಳೆದರೆ 68, ಮುಖಗಳು ಮಸಿ. ಡಾಕ್ಯುಮೆಂಟ್ ಅಂತ ಕಳಿಸಿ ಎಂದು ಮತ್ತೆ ತರಿಸಿದೆವು. ಕಾಲೇಜಿನ ಲಾಂಛನ ಎಲ್ಲಿ ಹುಡುಕಿದರೂ ಹೆಬ್ಬೆಟ್ಟಿನ ಗಾತ್ರದ್ದೇ ಸಿಕ್ಕಿತು. ಲೆಟರ್‌ಹೆಡ್ ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪಿನಲ್ಲೇ ಗೆರೆಗಳಾಗಿ ಮಾರ್ಪಡಿಸಿದೆವು. ಈಗ ಕಚೇರಿಯವರೂ ಅದನ್ನೇ ಬಳಸುತ್ತಿದ್ದಾರೆ.

ಸ್ಕ್ಯಾನ್ ಮಾತ್ರ ನಿಧಾನವಾಗಿ. ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡುವಾಗ ಕಾಗದದ ಪಕ್ಕದಲ್ಲೇ ಉಕ್ಕಿನ ಸ್ಕೇಲ್ ಇಟ್ಟಿದ್ದೆವು. ಇಂಕ್‌ಸ್ಕೇಪಿನಲ್ಲಿ ಆ ಸ್ಕೇಲಿನ 100 ಮಿ.ಮೀ. ಸರಿಯಾಗಿ 100 ಮಿ.ಮೀ. ಆಗುವವರೆಗೆ ಚಿತ್ರ ಹೊಂದಿಸಿ, ಆಮೇಲೆ ಸ್ಕೇಲನ್ನು ಕತ್ತರಿಸಿ ತೆಗೆದು, ಅದರ ಜಾಗದಲ್ಲಿ 100 ಮಿ.ಮೀ. ಉದ್ದದ ಕಪ್ಪು ಪಟ್ಟಿ ಎಳೆದೆವು. ಈ ಪಟ್ಟಿ ಮುಂದೆ ಮರ್ಯಾದೆ ಉಳಿಸಿತು.

ಫ್ಲೆಕ್ಸ್ ಅಂಗಡಿ

ಊರಿನ ಒಂದು ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಕೊಂಡೊಯ್ದೆವು. ಕಂಪ್ಯೂಟರಿನ ಮುಂದೆ ಕೂತ ಹುಡುಗ ಕಡತ ನೋಡುವ ಮೊದಲೇ ಕೇಳಿದ: "ಮೇಡಂ, ಇದು ನುಡಿ ಅದನೋ, ಯೂನಿಕೋಡ್ ಅದನೋ?" ನುಡಿ ಎಂದರೆ ಹಳೆಯ ಕನ್ನಡ ಬರಹದ ತಂತ್ರಾಂಶ; ನಮ್ಮದು ಯೂನಿಕೋಡ್ ಅಂದೆ. "ನಮ್ಮ ಕೋರಲ್‌ನಾಗ ಒಡೀತದ್ರಿ."

ಒಡೆಯಿತು. ಅಕ್ಷಾಂಶದ ಷಕಾರ ಒತ್ತಿನಿಂದ ಎದ್ದು ಪಕ್ಕಕ್ಕೆ ಬಂದು ಕೂತಿತು, ಸೂರ್ಯನ ಅರ್ಕಾವತ್ತು ಮಾಯವಾಯಿತು. ಅಂಗಡಿಗಳಲ್ಲಿರುವ ಕೋರಲ್ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಗಳ ಕಷ್ಟ ಇದು. ಫೋಟೊಶಾಪ್ ಆದರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಇಲ್ಲಿ ಆ ದಾರಿ ಇರಲಿಲ್ಲ. ಮದ್ದು ಇಂಕ್‌ಸ್ಕೇಪಿನಲ್ಲೇ ಇದೆ: ಪಿಡಿಎಫ್ ಮಾಡುವಾಗ ಪಠ್ಯವನ್ನೆಲ್ಲ ಪಾಥ್ ಆಗಿ ಬದಲಾಯಿಸುವುದು. ಆಗ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರ. ಯಾವ ಅಂಗಡಿಯ ಯಾವ ತಂತ್ರಾಂಶವೂ ಅದನ್ನು ಒಡೆಯಲಾರದು. ತಿದ್ದಲೂ ಆಗುವುದಿಲ್ಲ, ಹಾಗಾಗಿ ತಿದ್ದುವ ಪ್ರತಿ ಬೇರೆ ಇಟ್ಟುಕೊಳ್ಳಬೇಕು.

ಫ್ಲೆಕ್ಸೋ ಕಾಗದವೋ ಎಂಬ ಪ್ರಶ್ನೆಗೆ ನನ್ನ ಮತ ಕಾಗದಕ್ಕೆ ಇತ್ತು. ಫ್ಲೆಕ್ಸ್ ಬ್ಯಾನರುಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಅಂಗಡಿಯ ಹೆಸರು ಮಾತ್ರ ಫ್ಲೆಕ್ಸ್ ಎಂದೇ ಉಳಿದಿದೆ. ಅದಿರಲಿ, ಪ್ಲಾಸ್ಟಿಕ್ಕಿನ ಮೇಲೆ ದೀಪದ ಬೆಳಕು ಹೊಳೆದು ಅರ್ಧ ಪೋಸ್ಟರ್ ಕಾಣುವುದೇ ಇಲ್ಲ. ಹೊಳಪಿಲ್ಲದ ದಪ್ಪ ಕಾಗದದಲ್ಲಿ ತೆಗೆಸಿದೆವು. ಅಭ್ಯಾಸಬಲದಿಂದ ಅವನು ನಾಲ್ಕು ಮೂಲೆಗೆ ಐಲೆಟ್ ಹೊಡೆಯಲು ಯಂತ್ರ ಎತ್ತಿದ್ದ; ತಡೆದೆವು.

ಕಾಗದ ಹೊರಬಂದ ಕೂಡಲೇ ಹುಡುಗಿಯೊಬ್ಬಳು ಚೀಲದಿಂದ ಸ್ಕೇಲ್ ತೆಗೆದು ಕಪ್ಪು ಪಟ್ಟಿಯ ಮೇಲಿಟ್ಟಳು. 98 ಮಿ.ಮೀ. ರೋಲಿನ ಅಂಚಿಗೆ ಜಾಗ ಬಿಡಲು ಯಂತ್ರದ ತಂತ್ರಾಂಶ ಇಡೀ ಚಿತ್ರವನ್ನು ಶೇ. 2ರಷ್ಟು ಕುಗ್ಗಿಸಿತ್ತು. ಬೇರೆ ಯಾವ ಪೋಸ್ಟರಿನಲ್ಲೂ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮದರಲ್ಲಿ ಎದುರಿಗೇ ಸ್ಕೇಲ್ ತೂಗಾಡುತ್ತದೆ, 76.5 ಇರಬೇಕಾದಲ್ಲಿ 75 ಬರುತ್ತದೆ. ತಪ್ಪಿನ ಮಿತಿಯೊಳಗೇ ಇದೆ, ಬಿಡ್ರಿ ಅಂದ ಒಬ್ಬ. ಆದರೆ ನೆರಳು ತಪ್ಪುವುದು ಬೇರೆ, ಮುದ್ರಣ ತಪ್ಪುವುದು ಬೇರೆ.

ಮತ್ತೆ ಪೂರ್ತಿ ಅಚ್ಚು ಹಾಕಿಸಲು ದುಡ್ಡು ಇರಲಿಲ್ಲ. ಚುಕ್ಕೆಗಳ ಚಿತ್ರವನ್ನಷ್ಟೇ ಪಟ್ಟಿಯ ಸಮೇತ ಎ3 ಹಾಳೆಗೆ ಪ್ರತ್ಯೇಕ ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಹೋದೆವು. ಅಲ್ಲೂ ಪ್ರಿಂಟರ್ "ಪುಟಕ್ಕೆ ಹೊಂದಿಸು" ಎಂಬಲ್ಲೇ ಇರುತ್ತದೆ, ಅದನ್ನು ತೆಗೆದು 100% ಮಾಡಿಸಬೇಕು. ಪಟ್ಟಿ ಅಳೆದು 100 ಬಂದ ಮೇಲೆ ಕತ್ತರಿಸಿ, ಪೋಸ್ಟರಿನ ಮೇಲೆ ಅದೇ ಜಾಗಕ್ಕೆ ಸ್ಪ್ರೇ ಅಂಟಿನಿಂದ ಹಚ್ಚಿದೆವು. ಫೆವಿಕಾಲ್ ಬೇಡ, ಕಾಗದ ಒದ್ದೆಯಾಗಿ ಉಬ್ಬುತ್ತದೆ, ಅಳತೆಯೂ ಕೆಡುತ್ತದೆ. ಅಂಚು ಎದ್ದು ಕಾಣದಿರಲೆಂದು ಸುತ್ತ ತೆಳ್ಳಗೆ ನೀಲಿ ಚೌಕಟ್ಟು. ಬೇಕೆಂದೇ ಹಾಗೆ ಮಾಡಿದಂತೆ ಕಂಡಿತು.

ಒಯ್ಯಲು ಪಿವಿಸಿ ಪೈಪ್, ನಾಲ್ಕು ಇಂಚಿನದು, ಎರಡೂ ಕಡೆ ಮುಚ್ಚಳ. ಅಂಟಿಸಿದ ಮುಖ ಹೊರಗೆ ಬರುವಂತೆ ಸುತ್ತಬೇಕು. ಒಳಗೆ ಹಾಕಿ ಸುತ್ತಿದರೆ ಮೇಲಿನ ಪದರ ಮಡಿಚುತ್ತದೆ.

ಸಭಾಂಗಣದಲ್ಲಿ

ಸ್ಕೇಲ್ ಕೆಲಸ ಮಾಡಿತು. ಜನ ಅದನ್ನು ಕಂಡೊಡನೆ ಕೈ ಹಾಕುತ್ತಿದ್ದರು, ಅಳೆದು "ಎಪ್ಪತ್ತಾರು" ಅನ್ನುತ್ತಿದ್ದರು, ಆಮೇಲೆ ಮಾತು ತಾನಾಗಿ ಶುರು. ವಿವರಿಸಲೇ ಎಂದು ಮಕ್ಕಳು ಕೇಳಬೇಕಾಗಲಿಲ್ಲ. ಅಕ್ಕಪಕ್ಕದ ಪೋಸ್ಟರುಗಳು ನಮ್ಮದಕ್ಕಿಂತ ಅಂದವಾಗಿದ್ದವು, ಅದನ್ನೂ ಹೇಳಬೇಕು.

ತೀರ್ಪುಗಾರರು ಬಂದು ನೇರವಾಗಿ ಅಲ್ಲಿಗೇ ಕೈ ಹಾಕಿದರು: "482 ಎಲ್ಲಿಂದ ತಂದಿರಿ?" ಹುಡುಗಿ ಬಲಗಡೆಯ ಮಿತಿಗಳ ಪಟ್ಟಿ ತೋರಿಸಿ, "ನಕ್ಷೆಯಿಂದ ಸರ್, ನಾವು ಅಳೆದಿಲ್ಲ, ಇಲ್ಲಿ ಬರೆದೇವಿ" ಅಂದಳು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು: ನೆರಳಿನ ನಡುಬಿಂದು ಕಣ್ಣಂದಾಜಿನಲ್ಲಿ ಏಕೆ ಹಿಡಿದಿರಿ, ಬಿಲ್ಲೆಯ ಬದಲು ಅಂಗೈಯಗಲದ ತಗಡಿನಲ್ಲಿ ಸಣ್ಣ ತೂತು ಕೊರೆಯಿರಿ, ನೆಲದ ಮೇಲೆ ಸೂರ್ಯನ ದುಂಡು ಬಿಂಬವೇ ಬೀಳುತ್ತದೆ, ಅದರ ಸುತ್ತ ವೃತ್ತ ಎಳೆದು ಕೇಂದ್ರ ತೆಗೆಯಿರಿ. ಒಳ್ಳೆಯ ಮಾತು. 2 ಮಿ.ಮೀ. ಇದ್ದದ್ದು 1ಕ್ಕೆ ಇಳಿದರೆ ±1,500 ಅರ್ಧವಾಗುತ್ತದೆ.

ಮುಂದಿನ ಸಲ ತಿರುವುಮುರುವು ಮಾಡುವ ಯೋಚನೆ ಇದೆ. ಮೇ 8-9ರ ಹೊತ್ತಿಗೆ ಸೂರ್ಯ ಕಲಬುರಗಿಯ ನೆತ್ತಿಗೆ ಬರುತ್ತಾನೆ. ಆಗ ಬೆಂಗಳೂರಿನ ನೆರಳು ದಕ್ಷಿಣಕ್ಕೆ ಬೀಳಬೇಕು, ಹೆಚ್ಚುಕಡಿಮೆ ಅಷ್ಟೇ ಉದ್ದಕ್ಕೆ. ಬೆಂಗಳೂರಿನ ಮೇ ಮೋಡ ಬಿಟ್ಟುಕೊಟ್ಟರೆ ಎರಡೂ ಕಾಗದಗಳನ್ನು ಒಂದೇ ಪೋಸ್ಟರಿನಲ್ಲಿ ಎದುರುಬದುರು ಹಾಕಬಹುದು. ಕಡತ ಸಿದ್ಧವಿದೆ, ತಗಡು ಸಿದ್ಧವಿದೆ. ಸ್ಕೇಲ್ ಹೊಸದು ತರಬೇಕು. ಹಳೆಯದನ್ನು ಸಮ್ಮೇಳನದ ಎರಡನೇ ದಿನ ಯಾರೋ ದಾರದ ಸಮೇತ ಬಿಚ್ಚಿಕೊಂಡು ಹೋದರು.